ಶಿಮೊಕಿಟಾದಲ್ಲಿ ಒಂದು ಬೈಟೂ

ನಮ್ಮ ಸೋದರಮಾವನಷ್ಟು ಟೋಕಿಯೋ ಬಲ್ಲವರು ಇಡೀ ಸಹಕಾರನಗರದಲ್ಲಿ ಇನ್ನೊಬ್ಬರಿಲ್ಲ. ಟೋಕಿಯೋ ಅಂದರೆ ಪೂರ್ತಿ ಟೋಕಿಯೋ ಅಲ್ಲ, ಶಿಮೊಕಿಟಾಜಾವಾ, ಮಾವನ ಬಾಯಲ್ಲಿ ಶಿಮೊಕಿಟಾ, ಎಂಬ ಒಂದೇ ಒಂದು ಬಡಾವಣೆ. ಹುಡುಗ ಹುಡುಗಿಯರು ಹಳೇ ಬಟ್ಟೆ ಹಾಕಿಕೊಂಡು ಹೊಸ ಹೊಸ ಕಾಫಿ ಕುಡಿಯುವ ಜಾಗ. ಅಲ್ಲಿ ಯಾವ ಓಣಿಯಲ್ಲಿ ನೂಡಲ್ಸ್ ತಿನ್ನಬೇಕು, ಯಾವ ಬಾರಿನಲ್ಲಿ ಮೊಣಕೈ ಮಡಚಿ ಕೂರಬೇಕು, ಯಾವ ಬೇಕರಿ ಮಧ್ಯಾಹ್ನದೊಳಗೆ ಖಾಲಿಯಾಗುತ್ತದೆ, ಎಲ್ಲವೂ ಮಾವನಿಗೆ ಬಾಯಿಪಾಠ. ಒಂದೇ ಒಂದು ಸಣ್ಣ ಕೊರತೆಯೆಂದರೆ ಅವರು ಜಪಾನಿಗೆ ಹೋಗಿಲ್ಲ. ಜಪಾನ್ ಹಾಗಿರಲಿ, ತಿರುಪತಿಯಿಂದಾಚೆಗೇ ಹೋಗಿಲ್ಲ!

ಹಾಗಾದರೆ ಗೊತ್ತಾದದ್ದು ಹೇಗೆ? ಯಾರೋ ಪುಣ್ಯಾತ್ಮರು ಕ್ಯಾಮೆರಾ ಹಿಡಿದು ಆ ಓಣಿಗಳಲ್ಲಿ ತುಟಿ ಬಿಚ್ಚದೆ ನಡೆಯುತ್ತಾರೆ, ಆ ವಿಡಿಯೋಗಳನ್ನು ಇಂಟರ್ನೆಟ್ಟಿಗೆ ಹಾಕುತ್ತಾರೆ. ಮಾವ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಟಿವಿ ಮುಂದಿನ ಸೋಫಾದಲ್ಲಿ ಕೂತು ಅವರ ಬೆನ್ನ ಹಿಂದೆಯೇ ಹೊರಡುತ್ತಾರೆ. ಡಾಕ್ಟರು ವಾಕಿಂಗ್ ಮಾಡಿ ಅಂದಿದ್ದರಂತೆ. ಇದೇ ಅವರ ವಾಕಿಂಗು! ಒಂದು ದಿನ ನಾನು ಹೋದಾಗ ಟಿವಿಯಲ್ಲಿ ಧೋ ಎಂದು ಮಳೆ. ಮಾವ ಧಡಕ್ಕನೆ ಎದ್ದು ಕೂಗಿದರು: "ಲೇ, ಮಳೆ ಬಂತು ಕಣೇ! ಟೆರೇಸ್ ಮೇಲೆ ಬಟ್ಟೆ!"

ಅಡುಗೆಮನೆಯಿಂದ ಅತ್ತೆ ಹೇಳಿದರು: "ಅದು ಹೋದ್ ವರ್ಷದ್ ಮಳೆ ಕಣ್ರೀ, ಕೂತ್ಕೊಳ್ಳಿ."

ಇಂಥ ಮಾವ ಸ್ವಂತ ಊರಿನಲ್ಲಿ ಹೇಗೆ ಅಂತೀರಿ? ಅತ್ತೆಯ ಅಣ್ಣನ ಮಗನ ಮದುವೆ ಪುಟ್ಟೇನಹಳ್ಳಿಯಲ್ಲಿತ್ತು. ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿ ಎರಡಿವೆ. ಒಂದು ಇಲ್ಲೇ ಯಲಹಂಕದ ಹತ್ತಿರ, ಇನ್ನೊಂದು ಊರಿನ ಆ ತುದಿಯ ಜೆ.ಪಿ. ನಗರದ ಕಡೆ. ಹಿಂದಿನ ದಿನವೇ ಹೋಗಿದ್ದ ಅತ್ತೆ ಇತ್ತ ಯಲಹಂಕದ ಛತ್ರದಲ್ಲಿ ದಾರಿ ಕಾಯುತ್ತಿದ್ದರೆ, ಮಾವ ಎಲ್ಲಿಗೆ ಹೋಗಿರಬಹುದು ಹೇಳಿ? ಜೆ.ಪಿ. ನಗರದ ಕಡೆ ಯಾರದೋ ಛತ್ರಕ್ಕೆ ನುಗ್ಗಿ, ಪೊಂಗಲ್ ತಿಂದು, ಮತ್ತೊಂದು ವಡೆ ಹಾಕಿಸಿಕೊಂಡು, ಆಮೇಲೆ ಗಂಡಿನ ಮುಖ ನೋಡಿದರಂತೆ! ವಾಪಸ್ ಬರುವಷ್ಟರಲ್ಲಿ ನಮ್ಮ ಹುಡುಗನ ಧಾರೆ ಮುಗಿದಿತ್ತು.

ಸಂಕೋಚ ಉಂಟೇ? ಹೊಸ ಜೋಡಿ ಜಪಾನಿಗೆ ಹೋಗುತ್ತದೆಂದು ಕಿವಿಗೆ ಬಿದ್ದದ್ದೇ ತಡ, ವೇದಿಕೆ ಹತ್ತಿ ದಾರಿ ಹೇಳಲು ನಿಂತುಬಿಟ್ಟರು. "ಸ್ಟೇಷನ್ನಿಂದ ಆಚೆ ಬಂದು ಎಡಗಡೆ ಹೋಗ್ಬೇಡಿ. ಬರೀ ಹಳೇ ಬಟ್ಟೆ ಅಂಗ್ಡಿ. ನಾವು ಸ್ಟೀಲ್ ಪಾತ್ರೆಯೋಳಿಗೆ ಹಾಕ್ತೀವಲ್ಲ, ಅಂಥ ಬಟ್ಟೆನ ಅಲ್ಲಿ ಕ್ಯೂ ನಿಂತು ತೊಗೋತಾರೆ! ಬಲಗಡೆ ತಿರುಗಿ. ಒಂದು ಬಾರ್ ಬರುತ್ತೆ, ಆರೇ ಜನ ಕೂರೋದು..." ಒಂದು ಹನಿ ಮದ್ಯವನ್ನೂ ಮುಟ್ಟದ ಮಾವ ವಿಭೂತಿ ಹಣೆಯಲ್ಲಿ ಬಾರಿನ ಗುಣಗಾನ ಮಾಡುತ್ತಿದ್ದರೆ, ಉಡುಗೊರೆ ಹಿಡಿದವರ ಸಾಲು ಊಟದ ಹಾಲ್‌ವರೆಗೆ ಬೆಳೆದಿತ್ತು. ಬೈಯಬೇಕಾದ ಪುರೋಹಿತರೇ ಬಗ್ಗಿ ಕೇಳಿದರು: "ಅಲ್ಲಿ ವೆಜ್ ಏನಾದ್ರೂ ಸಿಗುತ್ತಾ ಸ್ವಾಮಿ?"

ಮಾವನಿಗೆ ಇನ್ನೊಂದು ಹುಚ್ಚಿದೆ, ಅದು ಬೈಟೂ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಂಡೇ ಕುಡಿಯಬೇಕು, ಒಬ್ಬನೇ ಪೂರ್ತಿ ಕುಡಿಯುವವನು ಮನುಷ್ಯನೇ ಅಲ್ಲ ಎಂಬುದು ಅವರ ಸಿದ್ಧಾಂತ. ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ ಲಾರಿ ಆಫೀಸಿನ ಕೆಲಸದಲ್ಲಿದ್ದಷ್ಟು ಕಾಲವೂ ಅವರ ಬೈಟೂ ಜೊತೆಗಾರ ಪಕ್ಕದ ಈರುಳ್ಳಿ ಮಂಡಿಯ ಭಾಯಿ. "ಕ್ಯಾ ಸ್ವಾಮಿ, ಬೈಟೂ ಹೇಳ್ಲಾ?" ಎಂದು ಭಾಯಿ ಬಾಗಿಲಲ್ಲಿ ನಿಂತರೆ ಮಾವ ಎಂಥ ಕೆಲಸವಿದ್ದರೂ ಬಿಟ್ಟು ಏಳುತ್ತಿದ್ದರು. ರಿಟೈರ್ ಆದ ಮೇಲೂ ಕಾಫಿಗೆಂದೇ ಯಾರ್ಡಿಗೆ ಹೋಗುತ್ತಿದ್ದರು. ಭಾಯಿ ತೀರಿಕೊಂಡ ಮೇಲೆ ಹೋಟೆಲಿನ ಕಡೆ ತಲೆ ಹಾಕಿಲ್ಲ. ಟಿವಿಯ ಜಪಾನು ಶುರುವಾದದ್ದೂ ಆಗಲೇ. ಮನೆಯಲ್ಲಿ ಅತ್ತೆ ಲೋಟದ ತುಂಬ ಕಾಫಿ ಕೊಟ್ಟರೆ ಅರ್ಧ ಕುಡಿದು ಇಟ್ಟುಬಿಡುತ್ತಾರೆ. "ಹಾಲೇನು ನಲ್ಲೀಲಿ ಬರುತ್ತಾ?" ಎಂದು ಅತ್ತೆ ದಿನವೂ ಬೈದುಕೊಂಡು ಉಳಿದದ್ದನ್ನು ಸಿಂಕಿಗೆ ಸುರಿಯುತ್ತಾರೆ.

ಶಿಮೊಕಿಟಾದ ಅಷ್ಟೂ ಅಂಗಡಿಗಳಲ್ಲಿ ಮಾವನಿಗೆ ಜೀವವಾಗಿದ್ದದ್ದು ಓಣಿಯ ಕೊನೆಯ ಪುಟ್ಟ ಕಾಫಿ ಅಂಗಡಿ. ಅದರ ಮುಂದೆ ಬೆಳ್ಳಿ ಕೂದಲಿನ ಒಬ್ಬ ಮುದುಕರು ಯಾವಾಗಲೂ ಕಸ ಗುಡಿಸುತ್ತಲೋ ಕುಂಡಕ್ಕೆ ನೀರು ಹಾಕುತ್ತಲೋ ಕಾಣುತ್ತಿದ್ದರು. ಮಾವ ಅವರನ್ನು "ನಮ್ ಯಜಮಾನ್ರು" ಎನ್ನುತ್ತಿದ್ದರು. ಈ ಸಲದ ಬೇಸಿಗೆಯಿಂದ ಯಾವ ಹೊಸ ವಿಡಿಯೋ ನೋಡಿದರೂ ಆ ಅಂಗಡಿಯ ಶಟರ್ ಮುಚ್ಚಿತ್ತು! ಮಾವನಿಗೆ ಊಟ ಸೇರದಾಯಿತು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವರ ಹೆದರಿಕೆ ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮುಚ್ಚಿದ ಶಟರನ್ನೇ ಪರದೆಯ ಮೇಲೆ ನಿಲ್ಲಿಸಿಕೊಂಡು ನೋಡುತ್ತ ಕೂರುತ್ತಿದ್ದರು.

"ನಂಗೆ ಡೆಂಗ್ಯೂ ಬಂದಾಗ್ಲೂ ಇಷ್ಟು ಕೊರಗಿರ್ಲಿಲ್ಲ, ನಿಮ್ಮಾವ," ಎಂದರು ಅತ್ತೆ.

ಅಷ್ಟರಲ್ಲಿ ನಮ್ಮ ಕಾರ್ಖಾನೆಯವರು ಹೊಸ ಯಂತ್ರ ನೋಡಿಕೊಂಡು ಬರಲು ನನ್ನನ್ನು ಟೋಕಿಯೋಗೆ ಕಳಿಸಿದರು. ಮಾವ ಒಂದು ಡಬ್ಬಿ ಕೋಡುಬಳೆ ಕೈಗಿಟ್ಟು ಹೇಳಿದರು: "ಪುಟ್ಟಿ, ಅವ್ರು ಇದಾರಾ ನೋಡ್ಕೊಂಡ್ ಬಾ. ಇಲ್ದಿದ್ರೆ... ನಂಗೆ ಹೇಳ್ಬೇಡ."

ಬಿಡುವಿನ ದಿನ ಶಿಮೊಕಿಟಾದಲ್ಲಿ ಇಳಿದು ವಿಡಿಯೋ ಕಾಲ್ ಮಾಡಿದೆ. ಮಾವ ಸೋಫಾದಿಂದಲೇ ನನ್ನನ್ನು ನಡೆಸಿದರು. "ಬಲಕ್ಕೆ... ಆ ಹಳದಿ ಬೋರ್ಡಿನ ಅಂಗ್ಡೀಲಿ ತಿನ್ಬೇಡ, ಬರೀ ಶೋಕಿ... ರೈಲು ಸೇತುವೆ ಕೆಳಗೆ ದಾಟು..." ಒಂದೇ ಒಂದು ತಿರುವು ತಪ್ಪಲಿಲ್ಲ ಮಾರಾಯ್ರೇ! ಪುಟ್ಟೇನಹಳ್ಳಿಗೆ ದಾರಿ ತಪ್ಪಿದ ಮಹಾನುಭಾವರು ಇವರೇನಾ ಅನ್ನಿಸಿತು.

ಓಣಿಯ ಕೊನೆ ಬಂತು. ಶಟರ್ ಮುಚ್ಚಿತ್ತು. ನಾನು ಫೋನನ್ನು ಬೇರೆ ಕಡೆ ತಿರುಗಿಸಿದೆ. ಅಷ್ಟರಲ್ಲಿ ಗರಗರ ಸದ್ದಾಗಿ ಶಟರ್ ಅರ್ಧಕ್ಕೆ ಎದ್ದಿತು. ಅದರಡಿಯಿಂದ ಮೊದಲು ಒಂದು ಪೊರಕೆ ಬಂತು, ಹಿಂದೆಯೇ ಬೆಳ್ಳಿ ಕೂದಲು!

"ಅಗೋ ನಮ್ ಯಜಮಾನ್ರು!" ಮಾವನ ಕೂಗಿಗೆ ಮುದುಕರು ಪೊರಕೆ ಬಿಟ್ಟರು. ನಾನು ಕೋಡುಬಳೆ ಡಬ್ಬಿ ಅವರ ಕೈಗಿಟ್ಟು, ಹರುಕುಮುರುಕು ಇಂಗ್ಲಿಷಿನಲ್ಲಿ ವಿಷಯ ಹೇಳಿದೆ. ಅವರು ಅದಕ್ಕಿಂತ ಹರುಕು ಇಂಗ್ಲಿಷಿನಲ್ಲಿ ಮೊಣಕಾಲು ತೋರಿಸಿ "ಆಪರೇಷನ್" ಎಂದರು. ಈಗ ಬೆಳಗ್ಗೆಯೆಲ್ಲ ಆಸ್ಪತ್ರೆಯ ವ್ಯಾಯಾಮವಂತೆ, ಅಂಗಡಿ ಮಧ್ಯಾಹ್ನದ ಮೇಲಂತೆ. ವಿಡಿಯೋದ ಪುಣ್ಯಾತ್ಮರೆಲ್ಲ ಬೆಳಗ್ಗೆ ಬಂದು ಮುಚ್ಚಿದ ಶಟರ್ ತೋರಿಸಿ ನಮ್ಮ ಮಾವನ ಹೊಟ್ಟೆ ಉರಿಸಿದ್ದರು.

"ಮೊಣಕಾಲಾ? ನಂದೂ ಅದೇ ಕಣ್ರೀ! ಎಡಗಡೇದಾ?" ಮಾವ ಎದ್ದು ನಿಂತು ಪಂಚೆ ಎತ್ತಿ ಕ್ಯಾಮೆರಾಕ್ಕೆ ಮೊಣಕಾಲು ತೋರಿಸಿದರು. ಮುದುಕರೂ ಪ್ಯಾಂಟು ಮಡಚಿ ತೋರಿಸಿದರು. "ಪಂಚೆ ಇಳಿಸ್ರೀ, ಮಾನ ಕಳೀಬೇಡಿ!" ಎಂದು ಅತ್ತೆ ಕಿರುಚಿದ್ದು ಶಿಮೊಕಿಟಾಕ್ಕೆಲ್ಲ ಕೇಳಿಸಿತು.

"ಪುಟ್ಟಿ, ಒಂದ್ ಬೈಟೂ ಹೇಳು," ಎಂದರು ಮಾವ.

"ಮಾವ, ಇಲ್ಲಿ ಅದೆಲ್ಲ ನಡ್ಯಲ್ಲ."

"ಹೇಳೇ ಅಂದ್ರೆ!"

ಒಂದು ಕಾಫಿ, ಎರಡು ಕಪ್ ಎಂದು ಬೆರಳಲ್ಲಿ ತೋರಿಸಿದೆ. ಮುದುಕರು ಗಂಭೀರವಾಗಿ ಕಾಫಿ ಇಳಿಸಿ, ಎರಡು ಕಪ್ಪಿಗೆ ಸಮವಾಗಿ ಸುರಿದರು. ಇನ್ನೊಬ್ಬರೆಲ್ಲಿ ಎಂಬಂತೆ ಬಾಗಿಲ ಕಡೆ ನೋಡಿದರು. ನಾನು ಫೋನ್ ತೋರಿಸಿದೆ. ಅವರು ಒಂದು ಕಪ್ಪನ್ನು ಫೋನಿನ ಮುಂದಿಟ್ಟು, ಅದರ ಹಿಡಿಯನ್ನು ಮಾವನ ಕಡೆಗೆ ತಿರುಗಿಸಿದರು. ಇನ್ನೊಂದನ್ನು ನನಗೆ ಕೊಡಲು ಬಂದಾಗ ಮಾವ, "ಅವ್ಳಿಗಲ್ಲ, ಅದು ನಿಮ್ದು, ನೀವ್ ತೊಗೊಳ್ಳಿ," ಎಂದು ಕನ್ನಡದಲ್ಲೇ ಹೇಳಿದರು. ಮುದುಕರು ಏನು ತಿಳಿದರೋ, ಎದುರಿನ ಸ್ಟೂಲಿನಲ್ಲಿ ಕೂತು ಒಂದು ಗುಟುಕು ಕುಡಿದರು. ಸಹಕಾರನಗರದಲ್ಲಿ ಮಾವ ತಮ್ಮ ಸ್ಟೀಲ್ ಲೋಟ ಎತ್ತಿದರು. ಇಬ್ಬರೂ ಒಟ್ಟಿಗೆ ಕುಡಿದರು.

ಮಾವ ಲೋಟ ಕೆಳಗಿಟ್ಟರು. ಎಂದಿನಂತೆ ಅರ್ಧ ಉಳಿದಿತ್ತು.

"ಇವತ್ತೂ ಬಿಟ್ರಾ?" ಅತ್ತೆಯ ದನಿ ಕೇಳಿಸಿತು.

"ಬಿಟ್ಟಿಲ್ಲ ಕಣೇ," ಎಂದರು ಮಾವ, ಪರದೆಯಿಂದ ಕಣ್ಣು ಕೀಳದೆ. "ಅಲ್ನೋಡು, ಅವ್ರು ಕುಡೀತಿದಾರೆ."

ಅತ್ತೆ ಅವತ್ತು ನಲ್ಲಿಯ ಮಾತೆತ್ತಲಿಲ್ಲ.