ಕರಡಿಹಾಳ ಮಾಯವಾದ ದಿನ

ತೀರಿಹೋದ ಒಬ್ಬ ರೈತನ ಹೆಸರು ತೆಗೆಯಲು ಹೋಗಿ ಬಾಲಪ್ಪ ಇಡೀ ಕರಡಿಹಾಳವನ್ನೇ ಅಳಿಸಿಬಿಟ್ಟ.

ಶಹಾಪುರದ ಕಾಲುವೆ ಕಚೇರಿಯ ಕಂಪ್ಯೂಟರಿನಲ್ಲಿ ಏನನ್ನು ಬೇಕಾದರೂ ಅಳಿಸುವ ಅಧಿಕಾರ ಅವನಿಗಿತ್ತು. ಗುಂಡಿ ಒತ್ತಿದ. ಊರಿನ ಹೆಸರುಗಳೆಲ್ಲ ಕಾದ ಹಂಚಿನ ಮೇಲೆ ಬಿದ್ದ ನೀರಹನಿಗಳಂತೆ ಆರಿಹೋದವು. ಸಂಜೆ ಕರಡಿಹಾಳದ ನೀರಿನ ಪಾಳಿ. ತೂಬು ತೆರೆಯುವುದು ಕಂಪ್ಯೂಟರ್ ಹೇಳಿದಂತೆ. ಹೆಸರಿಲ್ಲದ ಊರಿಗೆ ನೀರಿಲ್ಲ. ಹಾಲು ತುಂಬುತ್ತಿರುವ ಭತ್ತ ಒಣಗುತ್ತದೆ.

ಊರಿನ ಹಿರಿಯ ಶಾಂತಪ್ಪನಿಗೆ ಫೋನ್ ಮಾಡಿದ. ಎತ್ತಲಿಲ್ಲ. ಅದೇ ಊರಿನ ಲಾಲಮ್ಮನಿಗೆ ಮಾಡಿದ. ಅವಳೂ ಎತ್ತಲಿಲ್ಲ. ಕಿಟಕಿಯಾಚೆ ಕರಡಿಹಾಳದ ಬಸ್ಸು ಬಂದು ನಿಂತಿತು. ಒಬ್ಬರೂ ಇಳಿಯಲಿಲ್ಲ.

ಬಾಲಪ್ಪ ಜವಾನ ತಾಯಪ್ಪನನ್ನು ಬೈಕಿನ ಮೇಲೆ ಕರಡಿಹಾಳಕ್ಕೆ ಓಡಿಸಿದ. ಅವನು ಬೆವರುತ್ತ ಮರಳಿ ಬಂದು, “ಮನಿಗೆಲ್ಲ ಕೀಲಿ ಬಿದ್ದಾವ್ರಿ ಸಾಹೇಬ್ರ. ಒಂದು ನಾಯಿ ಸುದ್ದಾ ಬೊಗಳಲಿಲ್ಲ” ಎಂದ.

“ಮಂದಿ?”

“ಅದಽ ನಾನೂ ಕೇಳಾಕತ್ತೀನಿ. ನಿಂಬಿಹಣ್ಣು ತರ್ಲೇನ್ರಿ? ನಿಮ್ಮ ಮಾರಿ ಬೂದಿ ಬಡದಂಗ ಆಗ್ಯಾದ.”

ಎದುರು ಮೇಜಿನ ಖುರ್ಷೀದಬೇಗಂ ಕನ್ನಡಕದ ಮೇಲಿಂದ ನೋಡಿದಳು. “ಬೆಳಗಿನಿಂದ ಒದ್ದಾಡಾಕತ್ತಿ ತಮ್ಮಾ. ಊಟಾನೂ ಮಾಡಿಲ್ಲ. ಏನಾಗ್ಯಾದ?”

“ಏನಿಲ್ರಿ ಆಪಾ” ಎಂದ. ಒಂದು ಊರನ್ನು ಕೊಂದೆ ಎಂದು ಹೇಗೆ ಹೇಳಿಯಾನು?

ಕೊನೆಗೆ ಹೊರಗೆ ಹೋಗಿ, ಗೋಡೆಗೆ ಮುಖಮಾಡಿ, ಯಾದಗಿರಿಯ ಎಂಜಿನಿಯರ್ ಜಗದೇವಪ್ಪನಿಗೆ ಫೋನಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡ.

ಜಗದೇವಪ್ಪ ನಕ್ಕ. “ನಿಮ್ಮಂಥೋರ ಸಲುವಾಗೇ ಹೊಸ ಕೀಲಿ ಹಾಕೀವ್ರಿ. ನೀವೊಬ್ರು ಒತ್ತಿದ್ರ ಅಳಿಯಂಗಿಲ್ಲ, ಬರೇ ಕಣ್ಣಿಗಿ ಮರಿಯಾಗತಾವ. ಕಚೇರಿಯಾಗಿನ ಇನ್ನೊಬ್ರು ‘ಹೌದು’ ಅನ್ನಬೇಕು. ಅಂದ್ರೋ, ಬೇರುಸಹಿತ ಹೋಗತಾವ, ನಾನೂ ತರಾಕ ಆಗಂಗಿಲ್ಲ. ಯಾರೂ ಅನ್ನಲಿಲ್ಲಂದ್ರ ಮಧ್ಯಾಹ್ನ ಮೂರಕ್ಕ ತಾವಽ ವಾಪಸ್ ಬರತಾವ.”

ಬಾಲಪ್ಪನಿಗೆ ಹೋದ ಜೀವ ಬಂತು. ನಗುತ್ತ ಒಳಗೆ ಬಂದ. ಅವನ ಮೇಜಿನ ಮೇಲೆ ಬಿಸಿ ಚಹಾ ಇತ್ತು.

“ಕುಡಿ” ಎಂದಳು ಖುರ್ಷೀದಬೇಗಂ ಅಕ್ಕರೆಯಿಂದ. “ನಿನ್ನ ಕೆಲಸ ನಾನಽ ಮುಗಿಸೀನಿ. ‘ಬಾಲಪ್ಪ ಅಳಿಸ್ಯಾರ, ಒಪ್ಪಿಗಿ ಅದ ಏನು’ ಅಂತ ನನ್ನ ಕಂಪ್ಯೂಟರ್ ಬೆಳಗಿನಿಂದ ಕೇಳಾಕತ್ತಿತ್ತು. ಪಾಪ, ಇದಕ್ಕಽ ಒದ್ದಾಡಾಕತ್ತಾನ ಅಂತ ಈಗ ‘ಹೌದು’ ಒತ್ತಿಬಿಟ್ಟೆ.”

ಫೋನ್ ಬಡಿದುಕೊಂಡಿತು. ಶಾಂತಪ್ಪ! ಅವನ ಹಿಂದೆ ಹೆಂಗಸರು, ಮಕ್ಕಳು, ನಾಯಿಗಳ ಗದ್ದಲ.

“ಸಾಹೇಬ್ರ, ಫೋನ್ ಮಾಡಿದ್ರಂತಲ್ಲ? ದಿಬ್ಬ ಏರಿದ ಮ್ಯಾಲ ಸಿಗ್ನಲ್ ಸಿಕ್ತು ನೋಡ್ರಿ. ಮನಿಗಿ ಕೀಲಿ ಹಾಕಿ ಊರಿಗಿ ಊರೇ ಕಾಲುವಿ ದಂಡಿಗಿ ಬಂದು ಕುಂತೀವಿ. ಎಲ್ಲಾರೂ ಇಲ್ಲೇ ಅದೀವ್ರಿ. ನೀರು ಯಾವಾಗ ಬಿಡ್ತೀರಿ?”