ಒಂದೇ ಮಗ್ಗುಲು ಸವೆದ ಟೈರುಗಳು

ಟೈರು ಒಂದೇ ಮಗ್ಗುಲು ಸವೆಯುತ್ತಿದೆ ಅಂದರೆ ಗಾಡಿಯಲ್ಲಿ ಏನೋ ಐಬಿದೆ ಎಂದು ಅರ್ಥ. ಶಿಕಾರಿಪುರದಲ್ಲಿ ಗಾಲಿ ರಿಪೇರಿ ಅಂಗಡಿ ಇಟ್ಟ ಹೊಸತರಲ್ಲಿ ನಾನೂ ಹಾಗೇ ತಿಳಿದಿದ್ದೆ. ಎರಡು ವರ್ಷ ಕಳೆಯುವುದರೊಳಗೆ ಗೊತ್ತಾಯಿತು: ಐಬು ಹತ್ತರಲ್ಲಿ ಐದು ಸಲ ಗಾಡಿಯಲ್ಲಿರುತ್ತದೆ, ಉಳಿದ ಐದು ಸಲ ಗಾಡಿಯ ಮೇಲೆ ಕೂತಿರುತ್ತದೆ.

ಅದು ಐವತ್ತರ ದಶಕದ ಕೊನೆ. ನಮ್ಮ ಕಡೆ ಮರದ ಗಾಲಿಯ ಎತ್ತಿನಗಾಡಿಗಳ ನಡುವೆ ರಬ್ಬರ್ ಟೈರಿನ ಗಾಡಿಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತಿದ್ದವು. ನಮ್ಮಪ್ಪ ಮರದ ಗಾಲಿ ಮಾಡುತ್ತಿದ್ದ ಬಡಗಿ. ನಾನು ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ನಾಲ್ಕು ವರ್ಷ ಕೈ ಕಪ್ಪು ಮಾಡಿಕೊಂಡು ಬಂದು, ಸೊರಬಕ್ಕೆ ಹೋಗುವ ರಸ್ತೆಯ ಪಕ್ಕ ತಗಡಿನ ಮಾಡು ಹಾಕಿ ಕೂತೆ. ಒಂದು ಜಾಕು, ಒಂದು ಪಂಪು, ಎರಡು ಸುತ್ತಿಗೆ, ಒಂದು ಉಂಡೆ ದಾರ. ದಾರ ಏತಕ್ಕೆಂದರೆ, ಎರಡು ಗಾಲಿಗಳನ್ನು ಹಿಡಿದಿರುವ ಕಬ್ಬಿಣದ ದಂಡ ಇರುತ್ತದಲ್ಲ, ಅಚ್ಚು, ಅದು ನೆಟ್ಟಗಿದೆಯೋ ಬಗ್ಗಿದೆಯೋ ಅಳೆದು ನೋಡುವುದಕ್ಕೆ. ಗಾಡಿಯ ವಕ್ರ ಆ ದಾರಕ್ಕೆ ಸಿಗುತ್ತಿತ್ತು. ಗಾಡಿಯವರದ್ದನ್ನು ಅಳೆಯುವ ದಾರ ನನಗೆ ಇನ್ನೂ ಸಿಕ್ಕಿಲ್ಲ.

ಬಾಯಿಲ್ಲದ ಗಾಲಿ

ಹೊಸಬಾಳೆಯ ಗೌಡರೊಬ್ಬರು ಟೈರ್ ಗಾಡಿ ಕೊಂಡಿದ್ದರು. ಅವರ ಊರಿಗೆ ಅದೇ ಮೊದಲನೆಯದು. ಮೂರು ತಿಂಗಳಿಗೆ ನನ್ನ ಅಂಗಡಿ ಮುಂದೆ ಬಂದು ಇಳಿದರು. ಮುಖ ಸಣ್ಣಗಾಗಿತ್ತು.

ನೋಡಿದರೆ ಎರಡು ಟೈರೂ ಉಬ್ಬಿ ಮೆತ್ತಗಾಗಿವೆ. ಅದರಲ್ಲೂ ಎಡಗಡೆಯದು ಹಲಸಿನ ತೊಳೆಯಂತಾಗಿದೆ. ಮುಟ್ಟಿದೆ, ಕೈಗೆ ಜಿಡ್ಡು. ಮೂಸಿ ನೋಡಿದೆ. ಕೀಲೆಣ್ಣೆ, ಗಾಡಿಯ ಕೀಲಿಗೆ ಹಾಕುವ ಕರೀ ಎಣ್ಣೆ.

"ಗೌಡ್ರೇ, ಟೈರಿಗೆ ಎಣ್ಣೆ ಹಚ್ಚಿದ್ಯಾರು?"

"ನಾನೇ ಮಾರಾಯ. ದಿನಾ ಬೆಳಿಗ್ಗೆ, ನನ್ನ ಕೈಯಾರೆ."

"ಎಡಗಡೆಗೆ ಜಾಸ್ತಿ ಬಿದ್ದಿದೆಯಲ್ಲ?"

"ಅದು ಜಗಲಿ ಕಡೆ ನಿಲ್ತದೆ. ಕಾಫಿ ಕುಡೀತಾ ಕೂತಾಗ ಕಣ್ಣಿಗೆ ಬೀಳ್ತದೆ. ಇನ್ನೊಂಚೂರು ಹಚ್ಚಾಣ ಅನ್ನಿಸ್ತದೆ."

ಎಣ್ಣೆ ರಬ್ಬರಿಗೆ ವಿಷ ಇದ್ದ ಹಾಗೆ, ಒಳಗಿನ ಬೇರಿಂಗಿಗೆ ಗ್ರೀಸು ಹಾಕಿದರೆ ಸಾಕು ಎಂದು ಬಿಡಿಸಿ ಹೇಳಿದೆ. ಸಾಕಿದ ಕರುವಿಗೆ ತಾನೇ ಕೆಟ್ಟ ಮೇವು ಹಾಕಿದೆನೆಂದು ತಿಳಿದವರ ಹಾಗೆ ಗೌಡರು ಟೈರನ್ನು ಸವರುತ್ತ ನಿಂತರು. ಆಮೇಲೆ ಅಂದರು:

"ಅಲ್ಲೋ, ಮರದ ಗಾಲಿ ಎಣ್ಣೆ ಬೇಕಾದ್ರೆ ಕುಯ್ಯೋ ಅಂತ ಕೂಗಿ ಕೇಳ್ತಿತ್ತು. ಇದು ಕೂಗೋದೇ ಇಲ್ಲ. ಬಾಯಿಲ್ಲ ಅಂತ ಉಪವಾಸ ಕೆಡವೋಕಾಗ್ತದಾ, ನೀನೇ ಹೇಳು?"

ಅಚ್ಚು ಯಾರ ಪಾಲು

ತೊಗರ್ಸಿ ಕಡೆಯ ಅಣ್ಣತಮ್ಮಂದಿರು ಇಬ್ಬರು ಪಾಲಾಗಿದ್ದರು. ಹೊಲ, ಮನೆ, ಹಿತ್ತಲು, ಬಾವಿಯ ನೀರು, ಎಲ್ಲದಕ್ಕೂ ಹಿಸ್ಸೆ ಆಗಿತ್ತು. ಪಾಲಾದ ಮೇಲೆ ಮೂರು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಟೈರ್ ಗಾಡಿ ಒಂದೇ ಇತ್ತು, ಅದನ್ನು ಸೀಳಲಿಕ್ಕೆ ಬರುವುದಿಲ್ಲ. ಅದಕ್ಕೆ ಪಾಲು ಮಾಡಿಸಿದ ಪಂಚರು ಗಾಡಿಯ ಹಲಗೆಯ ನಟ್ಟನಡುವೆ ಕೆಂಪು ಬಣ್ಣದ ಗೆರೆ ಎಳೆಸಿದ್ದರು. ಬಲಗಡೆ ಅಣ್ಣಂದು, ಎಡಗಡೆ ತಮ್ಮಂದು.

ಅಣ್ಣ ಬೆಲ್ಲದ ವ್ಯಾಪಾರ ಮಾಡುತ್ತಿದ್ದರು. ತಮ್ಮ ಹತ್ತಿ ಸಾಗಿಸುತ್ತಿದ್ದರು. ಬಲಗಡೆ ಬೆಲ್ಲದ ಪೆಂಟೆ, ಎಡಗಡೆ ಹತ್ತಿ ಅಂಡಿಗೆ. ಬಲಗಡೆಯ ಟೈರು ಆರೇ ತಿಂಗಳಿಗೆ ನುಣ್ಣಗೆ ತಲೆ ಬೋಳಿಸಿಕೊಂಡಿತ್ತು. ಎಡಗಡೆಯದು ಹೊಸದರಂತೆಯೇ ಇತ್ತು.

"ಎರಡೂ ಟೈರು ಅದಲು ಬದಲು ಮಾಡ್ತೀನ್ರೀ. ಇನ್ನೊಂದು ವರ್ಷ ಆರಾಮಾಗಿ ಓಡತೈತಿ," ಅಂದೆ.

ಅಣ್ಣ ಆಕಾಶ ನೋಡುತ್ತ ಹೇಳಿದರು: "ಹೇಳ್ರಿ ಅವಗ, ನಂದೇನೂ ಅಡ್ಡಿಯಿಲ್ಲ ಅಂತ."

ತಮ್ಮ ನನ್ನ ಪಂಪನ್ನು ನೋಡುತ್ತ ಹೇಳಿದರು: "ಹೇಳ್ರಿ ಅವರಿಗೆ, ನನ್ನ ಪಾಲಿನ ಟೈರು ಗೆರೆ ದಾಟೂದಿಲ್ಲ ಅಂತ."

ಇಬ್ಬರೂ ಒಂದೂವರೆ ಮಾರು ದೂರದಲ್ಲಿ ನಿಂತಿದ್ದರು. ನಾನು ಅವರ ನಡುವೆ ಟಪಾಲಿನವನ ಕೆಲಸ ಮಾಡುತ್ತಿದ್ದೆ. ಬೇಸತ್ತು ಗಾಡಿಯ ಕೆಳಗೆ ನುಗ್ಗಿ ದಾರ ಹಿಡಿದೆ. ಒಂದೇ ಕಡೆ ಭಾರ ಬಿದ್ದು ಬಿದ್ದು ಅಚ್ಚು ನಡುವಿನಲ್ಲೇ ಬಗ್ಗಿತ್ತು. ಸರಿಯಾಗಿ ಆ ಕೆಂಪು ಗೆರೆಯ ಕೆಳಗೆ.

ಹೊರಗೆ ಬಂದು ಕೇಳಿದೆ: "ಟೈರಿನ ಮಾತು ಹಾಗಿರಲಿ. ಅಚ್ಚು ಬಗ್ಗೇತಿ, ಹೊಸದು ಹಾಕಬೇಕು. ಅಚ್ಚು ಯಾರ ಪಾಲು?"

ತಮ್ಮ ಜೇಬಿನಿಂದ ಪಾಲುಪಟ್ಟಿ ತೆಗೆದರು. ಅಣ್ಣನೂ ಇನ್ನೊಂದು ಪ್ರತಿ ತೆಗೆದರು. ಅದರಲ್ಲಿ ನೊಗ ಇತ್ತು, ಗಾಲಿ ಇತ್ತು, ಎತ್ತಿನ ಕೊರಳಿನ ಗಂಟೆಗಳು ಕೂಡ ಇದ್ದವು. ಅಚ್ಚು ಇರಲಿಲ್ಲ. ಪಂಚರು ಗಾಡಿಯ ಮೇಲೆ ನೋಡಿದ್ದರೇ ಹೊರತು ಯಾರೂ ಕೆಳಗೆ ಬಗ್ಗಿ ನೋಡಿರಲಿಲ್ಲ.

ಇಬ್ಬರೂ ಎರಡೆರಡು ಸಲ ಓದಿದರು. ಕೊನೆಗೆ ಅಣ್ಣ ತಲೆಯೆತ್ತಿ ನೇರವಾಗಿ ತಮ್ಮನ ಮುಖ ನೋಡಿದರು. ಮೂರು ವರ್ಷದಲ್ಲಿ ಮೊದಲ ಸಲ.

"ಏನ್ ಮಾಡೂಣೋ ತಮ್ಮಾ?"

ತಮ್ಮ ಪಾಲುಪಟ್ಟಿ ಮಡಚಿದರು. "ನೀ ಹೆಂಗಂತಿ ಹಂಗಣ್ಣಾ," ಅಂದರು.

ನನ್ನ ಕಣ್ಣು ಒದ್ದೆಯಾಯಿತು. ಅಚ್ಚು ಬಿಚ್ಚಲು ಕೂತೆ. ಅರ್ಧ ಗಂಟೆ ಇಬ್ಬರೂ ಹುಣಸೆ ಮರದ ಕೆಳಗೆ ಮೈಗೆ ಮೈ ತಾಗಿಸಿ ಕೂತು, ತಲೆದೂಗುತ್ತ, ನಗುತ್ತ ಮಾತಾಡಿದರು. ಆಮೇಲೆ ಕೈ ಕೈ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಅಣ್ಣ ಹೇಳಿದರು:

"ಇಬ್ಬರೂ ಒಮ್ಮತಕ್ಕೆ ಬಂದೇವ್ರಿ. ನೀವು ಭಾಳ ತುಟ್ಟಿ."

ಕಾರಣ ಬರೆದು ಕೊಡಿ

ಅಂಬ್ಲಿಗೊಳದ ಕಡೆ ಅಳತೆ ಕೆಲಸಕ್ಕೆ ಬಂದಿದ್ದ ಒಬ್ಬ ಓವರ್‌ಸಿಯರ್ ಸಾಹೇಬರ ಜೀಪಿನ ಹಿಂದೆ ಒಂದು ಸಣ್ಣ ಟ್ರೈಲರ್ ಇತ್ತು. ಡೇರೆ, ಸರಪಳಿ, ಗೂಟ ಎಲ್ಲ ಅದರಲ್ಲಿ. ಅದರ ಎರಡು ಟೈರೂ ಒಳಮಗ್ಗುಲು ಸವೆದು ರಬ್ಬರಿನೊಳಗಿನ ನೂಲು ಕಾಣಿಸುತ್ತಿತ್ತು. ಹೊಸ ಟೈರು ತರಿಸಬೇಕಾದರೆ ಸವೆದ ಕಾರಣವನ್ನು ರಿಪೇರಿಯವನ ಕೈಯಲ್ಲಿ ಬರೆಸಿ ಮೇಲಕ್ಕೆ ಕಳಿಸಬೇಕಂತೆ.

ನಾನು ಬರೆದೆ: "ರಸ್ತೆ ಕೆಟ್ಟಿರುವುದರಿಂದ."

ಸಾಹೇಬರು ಓದಿ ಗಾಬರಿಯಾದರು. "ರಸ್ತೆ ನಮ್ಮವರದ್ದೇ ಕಣ್ರೀ. ಬೇರೆ ಬರೀರಿ."

"ಟೈರು ಕಳಪೆಯಾಗಿರುವುದರಿಂದ" ಎಂದು ಬರೆದೆ. ಟೈರನ್ನು ಆರಿಸಿದವರು ದೊಡ್ಡ ಸಾಹೇಬರು. ಅದೂ ಬೇಡ.

"ಅಚ್ಚು ಬಗ್ಗಿರುವುದರಿಂದ." ನಿಜವಾದ ಕಾರಣ ಅದೇ. ಆದರೆ ಹೋದ ತಿಂಗಳಷ್ಟೇ ಅಚ್ಚನ್ನು ಪರೀಕ್ಷಿಸಿ ಸರಿಯಿದೆ ಎಂದು ಸಹಿ ಹಾಕಿದವರು ಇದೇ ಸಾಹೇಬರು.

ಮೂರು ಕಾಗದ ಹರಿದವು. ನಾಲ್ಕನೆಯದರಲ್ಲಿ ಬರೆದೆ: "ಸದರಿ ಟೈರು ತಿರುಗಿರುವುದರಿಂದ ಸವೆದಿದೆ."

ಸಾಹೇಬರು ನನ್ನ ಬೆನ್ನು ತಟ್ಟಿದರು. ಎರಡು ವಾರಕ್ಕೆ ಮೇಲಿನಿಂದ ಹೊಸ ಟೈರು ಬಂತು. ಜೊತೆಗೆ ಒಂದು ಹುಕುಂ: "ಇನ್ನು ಮುಂದೆ ಅನಾವಶ್ಯಕವಾಗಿ ತಿರುಗಿಸತಕ್ಕದ್ದಲ್ಲ."

ಗಾಡಿ ಮನೆ

ಒಂದು ಚಳಿಗಾಲ ನನ್ನ ಅಂಗಡಿಯ ಮುಂದೆ ಒಂದು ಕಾರು ಬಂದು ನಿಂತಿತು. ಕಾರಿನ ಹಿಂದೆ ಒಂದು ಮನೆ. ನಿಜವಾಗಿಯೂ ಮನೆಯೇ. ಬಾಗಿಲು, ಕಿಟಕಿ, ಕಿಟಕಿಗೆ ಹೂವಿನ ಪರದೆ, ಕೆಳಗೆ ಎರಡು ಗಾಲಿ. ಬಳ್ಳಿಗಾವಿ, ಬನವಾಸಿಯ ಹಳೆಯ ಗುಡಿಗಳನ್ನು ನೋಡಲು ಹೊರಟಿದ್ದ ಗಂಡ ಹೆಂಡತಿ, ಪರದೇಶದವರು, ನಡುವಯಸ್ಸು. ಮನೆಯ ಎಡಗಾಲಿಯ ಟೈರು ಒಳಮಗ್ಗುಲು ಸವೆದು ಸೀಳಿತ್ತು.

ನನಗೆ ಬರುವ ಇಂಗ್ಲಿಷು ಜಾಕು, ನಟ್ಟು, ಬೋಲ್ಟು ಇಷ್ಟೇ. ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಸುದ್ದಿ ಕೇಳಿ ತಾವಾಗಿಯೇ ಓಡಿ ಬಂದರು. ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ್ದರೂ ಅದನ್ನು ಆಡಲು ಅವರಿಗೆ ಒಬ್ಬ ಮನುಷ್ಯ ಸಿಕ್ಕಿರಲಿಲ್ಲ.

ಒಳಗೆ ನೋಡಿದೆ. ಎಡಗಡೆ ಪೂರಾ ಪುಸ್ತಕ ತುಂಬಿದ ಎರಡು ಕಬ್ಬಿಣದ ಪೆಟ್ಟಿಗೆ. "ಈ ಭಾರಕ್ಕೇ ಅಚ್ಚು ಬಗ್ಗಿದೆ. ಇವನ್ನು ಇಳಿಸದಿದ್ದರೆ ನಾನು ನೆಟ್ಟಗೆ ಮಾಡಿಯೂ ಉಪಯೋಗವಿಲ್ಲ," ಅಂದೆ. ಮೇಷ್ಟ್ರು ಅದನ್ನು ಕಾಲು ಗಂಟೆ ಹೇಳಿದರು. ಆ ಪರದೇಶದ ಸಾಹೇಬರು ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಪೆಟ್ಟಿಗೆಗಳನ್ನು ಸವರಿ, ಶಿವಮೊಗ್ಗಕ್ಕೆ ಬಸ್ಸಿನ ಮೇಲೆ ಹಾಕಿ ಕಳಿಸಿದರು.

ಅಚ್ಚು ಬಿಚ್ಚಿ, ಕಮ್ಮಾರನ ಕುಲುಮೆಯಲ್ಲಿ ಕಾಯಿಸಿ, ಬಡಿದು, ದಾರ ಹಿಡಿದು ನೆಟ್ಟಗೆ ಮಾಡುವುದಕ್ಕೆ ಮೂರು ದಿನ ಹಿಡಿಯಿತು. ಅಷ್ಟರಲ್ಲಿ ಸಾಹೇಬರ ಹೆಂಡತಿ, ಆ ಅಮ್ಮ, ನಮ್ಮ ಮನೆಯವರೇ ಆಗಿಬಿಟ್ಟಿದ್ದರು. ನನ್ನ ಹೆಂಡತಿ ಒರಳಿನಲ್ಲಿ ರುಬ್ಬಿದ ಚಟ್ನಿ ತಿಂದು, ಮರುದಿನ ತಾವೇ ಒರಳಿನ ಮುಂದೆ ಕೂತರು. ಗಾಡಿ ಮನೆಯನ್ನು ನೋಡಲು ಕೇರಿಯ ಹೆಂಗಸರೆಲ್ಲ ಬಂದರು. ಒಳಗೆ ಮಂಚವಿದೆ, ಒಲೆಯಿದೆ, ಕನ್ನಡಿಯಿದೆ ಎಂದು ಮೆಚ್ಚಿಕೊಂಡರು. ನನ್ನ ಹೆಂಡತಿ ಮಾತ್ರ ಮೂಗಿನ ಮೇಲೆ ಬೆರಳಿಟ್ಟಳು.

"ಎಲ್ಲಾ ಐತಿ, ಒರಳೇ ಇಲ್ಲ. ಒರಳಿಲ್ಲದ್ದು ಮನಿ ಏನ್ರೀ?"

ಹೊರಡುವ ದಿನ ಅವಳು ಆ ಅಮ್ಮನಿಗೆ ಅರಿಸಿನ ಕುಂಕುಮ ಕೊಟ್ಟು ಉಡಿ ತುಂಬಿದಳು. "ಇದು ನಿನ್ನ ತವರು ಅಂತ ತಿಳ್ಕೊಳ್ಳವ್ವಾ," ಅಂದಳು. ಮೇಷ್ಟ್ರು ಅರ್ಥ ಹೇಳಿದರು. ಆಕೆ ಕಣ್ಣೊರೆಸಿಕೊಂಡರು. ಗಾಡಿ ಸೊರಬದ ಕಡೆ ಹೋಯಿತು. ನನಗೂ ಸಂತೋಷ. ಅಚ್ಚು ಬಾಣದ ಹಾಗಿತ್ತು.

ಮರುದಿನ ಸೊರಬದ ಬಸ್ಸಿನ ಡ್ರೈವರು ಒಂದು ಚೀಟಿ ತಂದುಕೊಟ್ಟ. ಮೇಷ್ಟ್ರು ಓದಿದರು: "ಅಚ್ಚು ಮತ್ತೆ ಬಗ್ಗಿದೆ. ದಯವಿಟ್ಟು ಬನ್ನಿ."

ನನಗೆ ಅವಮಾನದಿಂದ ಅನ್ನ ಸೇರಲಿಲ್ಲ. ನನ್ನ ಕೈಯ ಕೆಲಸ ಒಂದೇ ದಿನಕ್ಕೆ ಕೆಟ್ಟಿತೆಂದರೆ ಎರಡು ತಾಲ್ಲೂಕಿನಲ್ಲಿ ಯಾರು ನನ್ನ ಹತ್ತಿರ ಗಾಡಿ ತರುತ್ತಾರೆ? ಸಾಮಾನು ಕಟ್ಟಿಕೊಂಡು ಬಸ್ಸು ಹತ್ತಿದೆ. ಇಂಗ್ಲಿಷ್ ಆಡುವ ಅವಕಾಶ ಬಿಡಲಾರದೆ ಮೇಷ್ಟ್ರು ರಜೆ ಹಾಕಿ ಜೊತೆಗೆ ಬಂದರು.

ಸೊರಬದಲ್ಲಿ ಗಾಡಿ ಮನೆ ಒಂದು ಕಡೆ ವಾಲಿಕೊಂಡು ನಿಂತಿತ್ತು. ಬಾಗಿಲು ತೆಗೆದು ನೋಡಿದರೆ, ಪುಸ್ತಕದ ಪೆಟ್ಟಿಗೆ ಇದ್ದ ಜಾಗದಲ್ಲಿ ನಮ್ಮ ಮನೆಯ ಹಿತ್ತಲಿನ ಒರಳುಕಲ್ಲು! ಹೊರಡುವ ದಿನ ನಾನು ಊಟಕ್ಕೆ ಕೂತಿದ್ದಾಗ ನನ್ನ ಹೆಂಡತಿ ನಾಲ್ಕು ಜನರಿಂದ ಎತ್ತಿಸಿ ಇಡಿಸಿದ್ದಳಂತೆ. ಅದರ ಪಕ್ಕದಲ್ಲಿ ಒಂದು ಬೀಸುಕಲ್ಲೂ ಇತ್ತು. ಅದು ನಮ್ಮದಲ್ಲ.

"ಇದೆಲ್ಲಿಂದ ಬಂತು?" ಎಂದು ಸುತ್ತ ನಿಂತಿದ್ದ ಸೊರಬದ ಹೆಂಗಸರನ್ನು ಕೇಳಿದೆ.

ಅವರಲ್ಲಿ ಹಿರಿಯಾಕೆ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. "ಶಿಕಾರಿಪುರದವರು ಒರಳು ಕೊಟ್ಟು ಕಳಿಸಿದಾರೆ. ನಾವೇನು ಬರಿಗೈಲಿ ಕಳಿಸೋ ಜನಾನಾ ಮಾರಾಯ?"

ಸಾಹೇಬರು ಮೂಲೆಯಲ್ಲಿ ಕೂತಿದ್ದರು. ಮೆಲ್ಲಗೆ ಏನೋ ಅಂದರು. ಮೇಷ್ಟ್ರು ಕನ್ನಡದಲ್ಲಿ ಹೇಳಿದರು: "ನನ್ನ ಪುಸ್ತಕಗಳು ಇದಕ್ಕಿಂತ ಹಗುರವಾಗಿದ್ದವು ಅಂತಾರೆ."

ಕಲ್ಲು ಎರಡನ್ನೂ ಇಳಿಸಲೇಬೇಕೆಂದೆ. ಆ ಅಮ್ಮ ಒರಳಿನ ಮೇಲೆ ಎರಡೂ ಕೈ ಇಟ್ಟು ಕೂತುಬಿಟ್ಟರು. ಅವರ ಬಾಯಿಂದ ಒಂದೇ ಒಂದು ಕನ್ನಡದ ಮಾತು ಬಂತು: "ತವರು."

ತವರಿನ ಸಾಮಾನು ಇಳಿಸಿ ಎನ್ನುವ ಧೈರ್ಯ ನನ್ನ ಮನೆಯಲ್ಲೇ ನನಗಿಲ್ಲ. ಸೊರಬದ ಕಮ್ಮಾರನ ಕುಲುಮೆಯಲ್ಲಿ ಅಚ್ಚನ್ನು ಮತ್ತೆ ನೆಟ್ಟಗೆ ಮಾಡಿ, ಕೆಳಗಡೆ ಎರಡು ದಪ್ಪ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿದೆ. ಒರಳನ್ನು ಎಡಕ್ಕೆ, ಬೀಸುಕಲ್ಲನ್ನು ಬಲಕ್ಕೆ ಇಟ್ಟು ತೂಕ ಸರಿದೂಗಿಸಿದೆ. ಆದರೆ ಇನ್ನೊಂದು ಕಲ್ಲು ಏರಿದರೆ ಆ ಪಟ್ಟಿಯೂ ತಡೆಯುವುದಿಲ್ಲ. ಮುಂದೆ ಸಿರಸಿ, ಅದರ ಮುಂದೆ ಘಟ್ಟ. ಅದಕ್ಕೆ ಒಂದು ಉಪಾಯ ಮಾಡಿದೆ. ಮೇಷ್ಟ್ರ ಕೈಯಲ್ಲಿ ದೊಡ್ಡ ಅಕ್ಷರದಲ್ಲಿ ಕನ್ನಡದ ಚೀಟಿಯೊಂದನ್ನು ಬರೆಸಿ ಬಾಗಿಲಿಗೆ ಅಂಟಿಸಿದೆ:

"ಇವರು ನಮ್ಮ ಮನೆಯವರು. ಊಟ ಕೊಡಿ, ನೀರು ಕೊಡಿ. ದಯಮಾಡಿ ಕಲ್ಲು ಮಾತ್ರ ಕೊಡಬೇಡಿ."

ತಿಂಗಳ ಮೇಲೆ ಕುಮಟೆಯಿಂದ ಒಂದು ಕಾರ್ಡು ಬಂತು. ಮೇಷ್ಟ್ರು ನನ್ನ ಅಂಗಡಿಯಲ್ಲಿ ನಿಂತು, ನನ್ನ ಹೆಂಡತಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ ಓದಿ ಅರ್ಥ ಹೇಳಿದರು:

"ಘಟ್ಟ ಸುಖವಾಗಿ ಇಳಿದೆವು. ಅಚ್ಚು ನೆಟ್ಟಗಿದೆ, ಟೈರು ಎರಡೂ ಸಮನಾಗಿ ಸವೆಯುತ್ತಿವೆ. ನಿಮ್ಮ ಚೀಟಿ ಬಹಳ ಉಪಯೋಗಕ್ಕೆ ಬಂತು. ದಾರಿಯುದ್ದಕ್ಕೂ ಜನ ಅದನ್ನು ಓದಿ ನಕ್ಕು ಊಟ ಹಾಕಿದರು. ಯಾರೂ ಕಲ್ಲು ಕೊಡಲಿಲ್ಲ. ಇಲ್ಲಿಯ ಮೀನುಗಾರರು ಮಾತ್ರ ಚೀಟಿಯನ್ನು ಎರಡು ಸಲ ಓದಿಸಿ ಕೇಳಿ, ತಮ್ಮ ದೋಣಿಯ ಲಂಗರು ಕೊಟ್ಟಿದ್ದಾರೆ. ಅದು ಕಬ್ಬಿಣದ್ದು."