ಹನ್ನೆರಡನೆಯ ಹೋಟೆಲಿನ ದಿಗ್ವಿಜಯ

ತಾಯಿ ಅನ್ನಪೂರ್ಣೆಗೆ ನಮಸ್ಕಾರ. ಕಾದ ಕಾವಲಿಗೆ ನೀರು ಚಿಮುಕಿಸಿದೊಡನೆ ‘ಚುಂಯ್’ ಎಂದು ಪ್ರಥಮ ಮಂತ್ರ ನುಡಿಯುವ ಅಗ್ನಿದೇವನಿಗೆ ನಮಸ್ಕಾರ. ಕೇಳದೆಯೇ ಎರಡನೆಯ ಸಲ ಚಟ್ನಿ ಬಡಿಸುವ ಪುಣ್ಯಾತ್ಮರಿಗೆ ಎರಡು ಸಲ ನಮಸ್ಕಾರ. ಹಸಿದವರೇ, ಅರೆಹೊಟ್ಟೆಯವರೇ, ಈಗಷ್ಟೇ ತಿಂದು ಮುಗಿಸಿ ಮತ್ತೇನಿದೆ ಎಂದು ಅತ್ತಿತ್ತ ನೋಡುತ್ತಿರುವವರೇ, ಚಿತ್ತವಿಟ್ಟು ಕೇಳಿರಿ. ಕಲಿಯುಗದ ಪ್ರಥಮ ಪಾದದಲ್ಲಿ, ಜಂಬೂದ್ವೀಪದ ಭರತವರ್ಷದಲ್ಲಿ, ತಟ್ಟೆಇಡ್ಲಿಪರಿಮಳಪರಿವೃತವಾದ ತುಮಕೂರೆಂಬ ಪಟ್ಟಣದಲ್ಲಿ, ಡಿಸೆಂಬರ್ ಮಾಸದ ಕಟ್ಟಕಡೆಯ ಭಾನುವಾರ ಬೆಳಗ್ಗೆ ಎಂಟೂಕಾಲಿಗೆ ಸರಿಯಾಗಿ, ಮಂದಾರ ಟಿಫಿನ್ ರೂಮಿನ ಮೂಲೆ ಮೇಜಿನಲ್ಲಿ ನಡೆದ ಘೋರ ಸಂಗ್ರಾಮದ ಕಥೆಯಿದು.

ಈ ಕಥೆಯ ನಾಯಕರು ಪಂಚಾಕ್ಷರಯ್ಯನವರು. ಸರ್ವೆ ಇಲಾಖೆಯ ಸರಪಳಿಯನ್ನು ಮೂವತ್ತಮೂರು ವರ್ಷ ಎಳೆದು, ಜಿಲ್ಲೆಯ ಹೊಲಗದ್ದೆ ಕೆರೆಕಟ್ಟೆಗಳನ್ನೆಲ್ಲ ಅಳೆದು, ಅಳೆಯಲು ಇನ್ನೇನೂ ಉಳಿಯದೆ ನಿವೃತ್ತರಾದ ಭೂಮಂಡಲಮಾಪನಧುರಂಧರರು; ಚಟ್ನಿದ್ವಯಪ್ರಿಯರು; ಒಂದು ವಡೆಯಿಂದ ಮೂರು ಬಟ್ಟಲು ಸಾಂಬಾರನ್ನು ಒಣಗಿಸಬಲ್ಲ ಸಾಹಸಿಗರು. ಅವರ ಮನೆ ಮಂದಾರ ಟಿಫಿನ್ ರೂಮಿನ ಎದುರು ಸಾಲಿನಲ್ಲೇ ಇತ್ತು. ಇಪ್ಪತ್ತೆರಡು ವರ್ಷಗಳಿಂದ ಒಂದು ಭಾನುವಾರವನ್ನೂ ಬಿಡದೆ ಅಲ್ಲಿ ಮಸಾಲೆ ದೋಸೆ ತಿಂದವರು ಅವರು. ಹಾಗೆಂದು ಹೆಂಡತಿಯನ್ನು ಮರೆತವರಲ್ಲ. ಪ್ರತಿ ಭಾನುವಾರವೂ ಕೈ ತೊಳೆದು, ಒಂದು ದೋಸೆಯನ್ನು ಪಾರ್ಸೆಲ್ ಕಟ್ಟಿಸಿಕೊಂಡು, ಗೆದ್ದ ರಾಜ್ಯದ ಕಪ್ಪಕಾಣಿಕೆಯೋ ಎಂಬಂತೆ ಎರಡು ಕೈಯಲ್ಲಿ ಹಿಡಿದು ಮನೆಗೆ ಒಯ್ಯುತ್ತಿದ್ದರು. ತಮ್ಮಂಥ ಗಂಡ ಊರಿಗೆ ಒಬ್ಬನೇ ಎಂದು ಅವರಿಗೆ ಖಂಡಿತವಾಗಿ ಗೊತ್ತಿತ್ತು.

ಸಂಗ್ರಾಮಕ್ಕೆ ಕಾರಣವಾದದ್ದು ಒಂದು ಪಟ್ಟಿ. ಪಂಚಾಕ್ಷರಯ್ಯ, ನಿವೃತ್ತ ಪೋಸ್ಟ್‌ಮಾಸ್ಟರ್ ಸೇತುಮಾಧವ ರಾಯರು, ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿದ್ದ ಗಫೂರ್ ಸಾಹೇಬರು, ಈ ಮೂವರು ಮಹನೀಯರು ಪ್ರತಿ ವರ್ಷಾಂತ್ಯಕ್ಕೆ ಕೂಡಿ, ಮುಂದಿನ ವರ್ಷ ಹೋಗಿ ಉಣ್ಣಲೇಬೇಕಾದ ಹೋಟೆಲುಗಳನ್ನು ತಿಂಗಳಿಗೊಂದರಂತೆ ಹನ್ನೆರಡು ಆರಿಸುತ್ತಿದ್ದರು. ಹಾಗೆ ಆರು ವರ್ಷಗಳಲ್ಲಿ ಎಪ್ಪತ್ತೆರಡು ಹೋಟೆಲುಗಳು ಪಟ್ಟಿಯನ್ನು ಅಲಂಕರಿಸಿದ್ದವು. ಅವುಗಳ ಪೈಕಿ ಇವರು ನಿಜವಾಗಿ ಹೋದದ್ದು ಒಂದಕ್ಕೆ. ಅದಕ್ಕೂ ಅಂದು ವಾರದ ರಜೆ. ಬಾಗಿಲ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬಂದಿದ್ದರು. ಆದರೂ ಪಟ್ಟಿಯ ಮೇಲಿನ ಶ್ರದ್ಧೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ.

ಸಂಗ್ರಾಮದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಪಂಚಾಕ್ಷರಯ್ಯನವರ ಧರ್ಮಪತ್ನಿ ಸರ್ವಮಂಗಳಮ್ಮನವರು ಅಡುಗೆಮನೆ ಹೊಸ್ತಿಲ ಬಳಿ ಕೂತು, ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿತುಕುತ್ತಿದ್ದರು. ಬೇಳೆಗಳು ಪುಚಕ್ ಪುಚಕ್ಕೆಂದು ಪಾತ್ರೆಗೆ ಹಾರುತ್ತಿದ್ದವು.

“ರೀ, ನಾಳೆ ನಿಮ್ಮ ಪಟ್ಟಿ ಅಲ್ವಾ?” ಎಂದರು.

“ಹ್ಞೂ, ಯಾಕೆ?”

“ಈ ಸಲ ಅದರಲ್ಲಿ ನಂದೂ ಒಂದು ಹೋಟ್ಲು ಇರ್ಲಿ. ನನಗೂ ಒಂದ್ಸಲ ಹೋಗ್ಬೇಕು ಅಂತ ಆಸೆ. ನಂದೇನು ದೊಡ್ಡದಲ್ಲ ಬಿಡಿ, ಆ...”

ಅಲ್ಲಿಗೇ ನಮ್ಮ ವೀರರು ಕೈಯೆತ್ತಿ ತಡೆದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಬಾಯಿಬಿಟ್ಟು ಒಂದು ಸೀರೆ ಕೇಳದ ಹೆಂಗಸು ಇಂದು ಹೋಟೆಲು ಕೇಳಿದ್ದಾಳೆ! ಅವರ ಎದೆ ತುಂಬಿ ಬಂತು. “ನೀನೇನೂ ಹೇಳ್ಬೇಡ ಮಂಗಳಾ. ನನಗೆ ತಿಳೀತು. ನಾಳೆ ಆ ಪಟ್ಟೀಲಿ ನಿನ್ನ ಹೋಟ್ಲು ಇಲ್ದೆ ನಾನು ಈ ಹೊಸ್ತಿಲು ದಾಟಿದ್ರೆ ಕೇಳು!”

“ಅಲ್ಲಾ ರೀ, ಯಾವುದು ಅಂತ...”

“ತಿಳೀತು ಅಂದ್ನಲ್ಲ!”

ಸರ್ವಮಂಗಳಮ್ಮನವರು ಮುಂದಿನ ಕಾಳು ಹಿತುಕಿದರು.

ಭಾನುವಾರ ಬಂತು. ಮಂದಾರದ ಮೂಲೆ ಮೇಜಿನ ಮೇಲೆ ಗಫೂರ್ ಸಾಹೇಬರ ಉದ್ದ ನೋಟುಬುಕ್ಕು ತೆರೆದುಕೊಂಡಿತು. ನವೆಂಬರ್‌ವರೆಗೆ ಹನ್ನೊಂದು ಹೆಸರುಗಳು ಜಗಳವಿಲ್ಲದೆ ತುಂಬಿದವು. ಉಳಿದದ್ದು ಹನ್ನೆರಡನೆಯ ಗೆರೆ. ಆ ಒಂದು ಗೆರೆಯ ಮೇಲೆ ಎರಡು ಕೈಗಳು ಏಕಕಾಲಕ್ಕೆ ಬಿದ್ದವು: ಒಂದು ಪಂಚಾಕ್ಷರಯ್ಯನವರದು, ಇನ್ನೊಂದು ಸೇತುಮಾಧವ ರಾಯರದು.

“ಇದು ನಂದು ರಾಯ್ರೇ. ಮನೆಯವಳಿಗೆ ಮಾತು ಕೊಟ್ಟು ಬಂದಿದೀನಿ.”

“ನಾನೂ ಮಾತು ಕೊಟ್ಟಿದೀನಿ, ನನ್ನ ನಾಲಿಗೆಗೆ!”

ಸಾಹೇಬರು ಕನ್ನಡಕ ಸರಿಪಡಿಸಿಕೊಂಡರು. “ಹಂಗಾದ್ರೆ ಗಂಟಲ ಪಂದ್ಯನೇ ಆಗ್ಲಿ” ಎಂದರು.

ಗಂಟಲ ಪಂದ್ಯವೆಂದರೆ ಆ ಮೂವರೇ ಕಂಡುಕೊಂಡ ಧರ್ಮಯುದ್ಧ. ಎದುರಾಳಿಗಳಿಬ್ಬರೂ ತಮ್ಮ ತಮ್ಮ ಹೋಟೆಲಿನ ರುಚಿಯನ್ನು ಸರದಿಯಂತೆ ವರ್ಣಿಸಬೇಕು. ಕೇಳುತ್ತಾ ಕೇಳುತ್ತಾ ಬಾಯಲ್ಲಿ ನೀರೂರಿ, ಅದನ್ನು ತಡೆಯಲಾರದೆ ಯಾರು ಮೊದಲು ಗುಟುಕ್ಕೆಂದು ನುಂಗುತ್ತಾರೋ ಅವರು ಸೋತಂತೆ. ತೀರ್ಪುಗಾರರು ಸದಾ ಗಫೂರ್ ಸಾಹೇಬರೇ. ನಲವತ್ತು ಬಸ್ಸುಗಳ ಮೇಲೆ ಏಕಕಾಲಕ್ಕೆ ಕಣ್ಣಿಟ್ಟವರಿಗೆ ಎರಡು ಗಂಟಲುಗಳ ಮೇಲೆ ಕಣ್ಣಿಡುವುದು ಯಾವ ಲೆಕ್ಕ? ಪಂದ್ಯ ಮುಗಿಯುವ ತನಕ ನೀರಾಗಲಿ ಕಾಫಿಯಾಗಲಿ ಮೇಜಿಗೆ ಬರುವಂತಿರಲಿಲ್ಲ. ತಲೆ ನರೆತ ಸಪ್ಲಯರ್ ವಾಸಣ್ಣ ಇದನ್ನೆಲ್ಲ ಬಲ್ಲವರು. ಅವರು ನೀರಿನ ಲೋಟಗಳನ್ನು ತಾವಾಗಿಯೇ ಎತ್ತಿಕೊಂಡು ಹೋದರು.

ಯೌವನದಲ್ಲಿ ನಾಟಕ ಕಂಪನಿಯ ಹಿಂದೆ ಅಲೆದಿದ್ದ ರಾಯರು ಶಾಲನ್ನು ಹೆಗಲಿಗೆ ಎಸೆದು ಎದ್ದು ನಿಂತರು.

“ಎಲೈ ಭೂಮಾಪಕನೇ, ಕೇಳು! ದಾವಣಗೆರೆಯ ಹಳೆಪೇಟೆಯ ಗಲ್ಲಿಯೊಂದರಲ್ಲಿ, ಹೆಸರಿನ ಬೋರ್ಡೂ ಇಲ್ಲದೆ, ಘಮದಿಂದಲೇ ವಿಳಾಸ ಹೇಳುವ ಒಂದು ಹೋಟೆಲುಂಟು. ಅಲ್ಲಿ ನೀಲಗಿರಿ ಸೌದೆಯ ಉರಿಯಲ್ಲಿ ಕಾದ ಕಾವಲಿಯ ಮೇಲೆ ದೋಸೆಯೆಂಬ ಪೂರ್ಣಚಂದ್ರ ಉದಯಿಸಲು, ಅದರ ನಡುನೆತ್ತಿಗೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆಯನ್ನಿಡಲು, ಆ ಬೆಣ್ಣೆಯು ನಾಚುತ್ತಾ, ಕರಗುತ್ತಾ, ದೋಸೆಯ ಸಹಸ್ರ ರಂಧ್ರಗಳೊಳಗೆ ಇಳಿಯಲು, ಅಂಚು ಕೆಂಪಾಗಿ, ಒಳಗು ಹತ್ತಿಯಾಗಿ... ಎಲೈ, ಇನ್ನೂ ನುಂಗಲಿಲ್ಲವೇ?”

ರಾಯರು ಆ ಹೋಟೆಲನ್ನು ಕಂಡವರಲ್ಲ. ಎಲ್ಲವೂ ಅವರ ಅಕ್ಕನ ಮಗನ ಮೊಬೈಲಿನಲ್ಲಿ ನೋಡಿದ್ದು. ಆದರೂ ಆ ಬೆಣ್ಣೆ ಪಂಚಾಕ್ಷರಯ್ಯನವರ ನಾಲಿಗೆಯ ಬುಡದಲ್ಲೇ ಕರಗಿತು. ಕೆನ್ನೆಯೊಳಗೆ ನೀರು ಏರತೊಡಗಿತು. ನುಂಗಿದರೆ ಮಂಗಳೆಯ ಆಸೆ ಮಣ್ಣುಪಾಲು! ಅವರು ಕಣ್ಣುಮುಚ್ಚಿ, ಬಾಲ್ಯದಲ್ಲಿ ಅಜ್ಜಿ ಮೂಗು ಹಿಡಿದು ಕುಡಿಸುತ್ತಿದ್ದ ನೆಲಬೇವಿನ ಕಷಾಯವನ್ನು ಮನಸಾರೆ ನೆನೆದರು. ಏರಿದ ನೀರು ಇಳಿಯಿತು. ಗಂಟಲು ಅಲುಗಲಿಲ್ಲ.

ಈಗ ಅವರ ಸರದಿ. ಹೆಂಡತಿಗೆಂದು ಅವರು ಆರಿಸಿಟ್ಟಿದ್ದದ್ದು ಸಾಮಾನ್ಯ ಹೋಟೆಲಲ್ಲ.

“ಕೇಳಿರಿ, ಅಂಚೆಪೆಟ್ಟಿಗೆಯ ಅಧಿಪತಿಗಳೇ! ಪಡುವಣ ಕಡಲತಡಿಯಲ್ಲಿ, ಕುಂದಾಪುರದಿಂದಾಚೆ, ಅಲೆಗಳ ಸದ್ದು ಎಲೆಯ ತನಕ ಕೇಳುವ ಒಂದು ಊಟದ ಮನೆಯುಂಟು. ಅಲ್ಲಿ ಮೂರು ಮೊಳದ ಬಾಳೆಎಲೆಯ ಮೇಲೆ ಇಪ್ಪತ್ತನಾಲ್ಕು ಬಗೆಯ ಭಕ್ಷ್ಯಗಳು ಸೈನ್ಯದಂತೆ ಸಾಲುಗಟ್ಟಿ ನಿಂತು...”

“ಯಾವ್ಯಾವುದು?” ಎಂದರು ರಾಯರು, ಹುಬ್ಬು ಹಾರಿಸಿ.

ಅದೇ ತೊಂದರೆಯಾದದ್ದು. ಪಂಚಾಕ್ಷರಯ್ಯನವರಿಗೆ ಇಪ್ಪತ್ತನಾಲ್ಕೆಂಬ ಸಂಖ್ಯೆ ಗೊತ್ತಿತ್ತೇ ಹೊರತು ಬಗೆಗಳು ಗೊತ್ತಿರಲಿಲ್ಲ. ಉಪ್ಪಿನಕಾಯಿ, ಕೋಸಂಬರಿ, ಹಪ್ಪಳ ಎಂದು ಮೂರರ ತನಕ ಏದುಸಿರು ಬಿಡುತ್ತಾ ಬಂದು ನಿಂತುಬಿಟ್ಟರು. ರಾಯರ ಗಂಟಲು ಕಲ್ಲಿನ ಕಂಬದ ಹಾಗೆ ನಿಂತಿತ್ತು.

“ಹಪ್ಪಳ ಆಯ್ತು. ಆಮೇಲೆ?” ಎಂದರು ಗಫೂರ್ ಸಾಹೇಬರು, ಮರುಕದಿಂದ.

ಆಮೇಲೆ ಏನೂ ಇರಲಿಲ್ಲ. ಹೊಸ್ತಿಲ ಬಳಿ ಕೂತು ಆಸೆ ಎಂದವಳ ಮುಖ ಕಣ್ಣ ಮುಂದೆ ಬಂತು. ಬರಿಗೈಲಿ ಹೋಗಿ ಏನೆಂದು ಹೇಳುವುದು? ನಮ್ಮ ವೀರರಿಗೆ ನಿಜಕ್ಕೂ ಅಳು ಬಂದಂತಾಯಿತು. ಗ್ರಂಥದ ಭಾಷೆ ಕೈಕೊಟ್ಟಿತು. ಬಾಯಿಗೆ ಬಂದದ್ದು ಮನೆಯ ಮಾತು.

“ಹೋಟ್ಲು ವಿಷಯ ಇರ್ಲಿ ರಾಯ್ರೇ. ನಿನ್ನೆ ನಮ್ಮನೇಲಿ ಹಿತಕಿದ ಬೇಳೆ ಸಾರು. ಈ ಚಳೀಲಿ ಬರೋ ಅವರೆ, ಸೊಗಡು ಅಂದ್ರೆ ಬೀದಿ ತನಕ. ಒಂದೊಂದೇ ಕಾಳು ಹಿತುಕಿ, ಕಾಯಿ, ಕೊತ್ತಂಬರಿ ಸೊಪ್ಪು, ಚಕ್ಕೆ ಲವಂಗ ರುಬ್ಬಿ ಹಾಕಿ, ಕುದಿಸಿ ಇಳಿಸಿದ್ಳು. ಬಿಸಿ ಮುದ್ದೆ. ಮುದ್ದೆ ಮಧ್ಯ ಬೆರಳಲ್ಲಿ ಒಂದು ಗುಳಿ ಮಾಡಿ, ಅದಕ್ಕೆ ತುಪ್ಪ ಬಿಟ್ಟು, ಮೇಲೆ ಆ ಸಾರು ಸುರಿದ್ಳು ನೋಡಿ...”

ಗುಟುಕ್!

ಹೋಟೆಲಿನ ಗದ್ದಲದಲ್ಲೂ ಆ ಸದ್ದು ಸ್ಪಷ್ಟವಾಗಿ ಕೇಳಿಸಿತು.

“ಇದು ಅನ್ಯಾಯ! ಅದು ಹೋಟ್ಲೇ ಅಲ್ಲ!” ರಾಯರು ಮೇಜು ಕುಟ್ಟಿದರು.

“ಗಂಟಲು ಆಡಿತೋ ಇಲ್ವೋ, ಅಷ್ಟೇ ನನ್ನ ಡ್ಯೂಟಿ” ಎಂದರು ಸಾಹೇಬರು. “ಆಡ್ತು ರಾಯ್ರೇ. ನಂದೂ ಆಡ್ತು.”

ರಾಯರು ಮೆಲ್ಲಗೆ ಕೂತರು. ಅವರ ಮನೆಯವರು ತೀರಿಕೊಂಡು ಮೂರು ವರ್ಷವಾಗಿತ್ತು. ಅಂದಿನಿಂದ ಮೂರು ಹೊತ್ತೂ ಹೋಟೆಲಿನದೇ ಊಟ. “ಸೊಗಡು ಅಂದ್ಬಿಟ್ರಲ್ಲ ನೀವು” ಎಂದಷ್ಟೇ ಹೇಳಿದರು. ಪಂಚಾಕ್ಷರಯ್ಯನವರಿಗೆ ಗೆದ್ದ ಹಿಗ್ಗಿನ ನಡುವೆಯೂ ಅಯ್ಯೋ ಪಾಪ ಅನಿಸಿತು. ಆದರೆ ಯುದ್ಧ ಯುದ್ಧವೇ. ಹನ್ನೆರಡನೆಯ ಗೆರೆಯ ಮೇಲೆ ಕಡಲತಡಿಯ ಹೋಟೆಲು ದಪ್ಪಕ್ಷರದಲ್ಲಿ ವಿರಾಜಮಾನವಾಯಿತು. ಅದರ ನಕಲನ್ನು ಜೇಬಿನಲ್ಲಿಟ್ಟು, ಎಂದಿನ ಪಾರ್ಸೆಲನ್ನು ಕೈಯಲ್ಲಿ ಹಿಡಿದು, ವಿಜಯಶ್ರೀಸಮಾಲಿಂಗಿತರಾದ ವೀರರು ಮನೆಯತ್ತ ಹೊರಟರು.

“ಮಂಗಳಾ, ತಗೋ! ಮುಂದಿನ ಡಿಸೆಂಬರ್, ಸಮುದ್ರದ ಪಕ್ಕ, ಇಪ್ಪತ್ನಾಲ್ಕು ಐಟಮ್ಮು!”

ಸರ್ವಮಂಗಳಮ್ಮನವರು ಚೀಟಿಯನ್ನು ಓದಿದರು. ಮತ್ತೊಮ್ಮೆ ಓದಿದರು. “ಇಷ್ಟು ದೂರ ಯಾಕ್ರೀ?” ಎಂದರು. “ನಾನು ಹೇಳಿದ್ದು ಇದಲ್ಲ.”

“ಮತ್ತೆ ಯಾವುದೇ?”

ಸರ್ವಮಂಗಳಮ್ಮನವರು ಪಾರ್ಸೆಲಿನ ದಾರ ಬಿಚ್ಚಿದರು. ಪೇಪರು ತೆಗೆದರು, ಎಲೆ ಬಿಡಿಸಿದರು. ನಾಲ್ಕು ಮಡಿಕೆಯ ದೋಸೆ ಬೆವರಿ, ಮೆತ್ತಗಾಗಿ, ಎಲೆಗೆ ಅಂಟಿಕೊಂಡಿತ್ತು. ಅದರ ಒಂದು ತುದಿ ಹಿಡಿದು ಎತ್ತಿದರು; ಒದ್ದೆ ಕರವಸ್ತ್ರದ ಹಾಗೆ ಜೋತುಬಿತ್ತು.

“ಇಪ್ಪತ್ತೆರಡು ವರ್ಷದಿಂದ ಇದನ್ನ ತಿಂತಿದೀನಿ. ಎಲ್ಲರೂ ಹೇಳ್ತಾರೆ, ಮಂದಾರದ ದೋಸೆ ಗರಿಗರಿ ಅಂತ. ಹೆಂಗಿರುತ್ತೆ ಅಂತ ನನಗೆ ಗೊತ್ತೇ ಇಲ್ಲ. ಅಲ್ಲೇ ಕೂತ್ಕೊಂಡು, ಕಾವಲಿಯಿಂದ ಇಳಿಸಿದ್ದನ್ನ ಒಂದ್ಸಲ ತಿನ್ಬೇಕು. ಅಷ್ಟೇರೀ.”

“ಎದುರುಗಡೆ ಹೋಟ್ಲಾ? ನೀನೇ ಯಾವತ್ತಾದ್ರೂ ಬರ್ಬಹುದಿತ್ತಲ್ಲೇ!”

“ನೀವು ಅಲ್ಲಿ ಸೈನ್ಯ ಕಟ್ಕೊಂಡು ಕೂತಿರ್ತೀರಿ. ಒಂದಿನಾನಾದ್ರೂ ಬಾ ಅಂದಿದ್ದೀರಾ?”

ಜಿಲ್ಲೆಯನ್ನೆಲ್ಲ ಅಳೆದವರಿಗೆ ನಾಚಿಕೆ ಕಿವಿಯ ತನಕ ಏರಿತು. “ಹೊಸ ವರ್ಷದ ಮೊದಲನೇ ತಿಂಡಿ ಅಲ್ಲೇ” ಎಂದರು, ಬಹಳ ಸಣ್ಣ ದನಿಯಲ್ಲಿ.

ಹಾಗೆ ಜನವರಿ ಒಂದರ ಬೆಳಗ್ಗೆ ಆ ಮಹಾಯಾತ್ರೆ ಹೊರಟಿತು. ಹಬ್ಬಕ್ಕೆ ಉಡುವ ಹಸಿರು ಸೀರೆಯುಟ್ಟು ಸರ್ವಮಂಗಳಮ್ಮನವರು ಮುಂದೆ, ಪಂಚಾಕ್ಷರಯ್ಯನವರು ಹಿಂದೆ. ಹಳೆಯ ಅಭ್ಯಾಸ, ಹೆಜ್ಜೆ ಎಣಿಸದೆ ಇರಲಾಗಲಿಲ್ಲ. ಗೇಟಿನಿಂದ ಹೋಟೆಲಿನ ಮೆಟ್ಟಿಲಿಗೆ ಐವತ್ತೊಂಬತ್ತು ಹೆಜ್ಜೆ. ನಡುವೆ ಒಂದು ಸ್ಕೂಟರಿಗೆ ದಾರಿ ಬಿಟ್ಟದ್ದು ಬಿಟ್ಟರೆ ಯಾವ ವಿಘ್ನವೂ ಒದಗಲಿಲ್ಲ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಪ್ರತಿ ಕುರ್ಚಿಯ ಹಿಂದೆಯೂ ಒಬ್ಬರು ಕಾವಲು ನಿಂತು, ತಿನ್ನುವವರ ತಟ್ಟೆಯನ್ನೇ ನೋಡುತ್ತಿದ್ದರು. ಪಂಚಾಕ್ಷರಯ್ಯನವರು ಕರವಸ್ತ್ರವನ್ನು ಬಾವುಟದಂತೆ ಹಿಡಿದು, ಎಲ್ಲಾದರೂ ಕುರ್ಚಿ ತೆರವಾದರೆ ಹಾಸಿಬಿಡಲು ಸಜ್ಜಾದರು. ಅಷ್ಟರಲ್ಲಿ ಮೂಲೆ ಮೇಜಿನಿಂದ ಸೇತುಮಾಧವ ರಾಯರು ಅರ್ಧ ಕಾಫಿಯ ಲೋಟದೊಂದಿಗೆ ಎದ್ದು ನಿಂತರು.

“ಬನ್ನಿ ತಾಯಿ, ಇಲ್ಲಿ ಕೂತ್ಕೊಳ್ಳಿ. ನಂದು ನಿಂತ್ಕೊಂಡೇ ಆಗುತ್ತೆ.”

“ನಿಮಗೆ ತೊಂದರೆ ಆಯ್ತು ರಾಯ್ರೇ. ನಾಳೆ ಮಧ್ಯಾಹ್ನ ಊಟಕ್ಕೆ ಬನ್ನಿ, ಅವರೆಬೇಳೆ ಸಾರು ಮಾಡ್ತೀನಿ” ಎಂದರು ಸರ್ವಮಂಗಳಮ್ಮನವರು ಕೂರುತ್ತಾ. “ಇವತ್ತು ಮಾತ್ರ ಬೇಡ. ಇವತ್ತು ನಮ್ಮನೇಲಿ ಒಲೆ ಹಚ್ಚಲ್ಲ.”

ಗುಟುಕ್! ಆದರೆ ಅಂದು ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ವಾಸಣ್ಣ ಬಂದರು. “ಸಾರ್, ಒಂದು ಮಸಾಲೆ ಇಲ್ಲಿಗೆ, ಒಂದು ಪಾರ್ಸೆಲ್ ಅಲ್ವಾ?”

“ಎರಡೂ ಇಲ್ಲಿಗೇ” ಎಂದರು ಪಂಚಾಕ್ಷರಯ್ಯ, ಸಿಂಹಾಸನವೇರಿದವರ ಗತ್ತಿನಲ್ಲಿ, ಹೆಂಡತಿಯ ಕುರ್ಚಿಯ ಹಿಂದೆ ನಿಂತುಕೊಂಡೇ.

ದೋಸೆ ಬಂತು. ಕೆಂಬಣ್ಣದ ದೋಸೆ ಇನ್ನೂ ಸಣ್ಣಗೆ ಹೊಗೆಯಾಡುತ್ತಿತ್ತು. ಸರ್ವಮಂಗಳಮ್ಮನವರು ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮುರಿದರು. ಕಟಕ್ಕೆಂದಿತು. ಬೆಚ್ಚಿ ಕೈ ತೆಗೆದು, ನಕ್ಕು, ಮತ್ತೊಮ್ಮೆ ಮುರಿದರು. ಬಾಯಿಗಿಟ್ಟು ಕಣ್ಣುಮುಚ್ಚಿ ಅಗಿದರು. ಹಿಂದೆ ನಿಂತ ಧುರಂಧರರು ತೀರ್ಪಿಗಾಗಿ ಉಸಿರು ಬಿಗಿಹಿಡಿದರು.

ಸರ್ವಮಂಗಳಮ್ಮನವರು ಕಣ್ಣು ಬಿಟ್ಟು, ತಿರುಗಿ ಗಂಡನ ಮುಖ ನೋಡಿದರು.

“ಇದಾ ದೋಸೆ? ಹಂಗಾದ್ರೆ ಇಷ್ಟು ವರ್ಷ ನೀವು ತಂದ್ಕೊಡ್ತಿದ್ದಿದ್ದು ಏನ್ರೀ?”

ಇಲ್ಲಿಗೆ ದಿಗ್ವಿಜಯ ಸಂಪೂರ್ಣ. ಈ ಕಥೆಯನ್ನು ಹೊಟ್ಟೆ ಹಸಿದು ಕೇಳಿದವರಿಗೆ ಫ್ಯಾನಿನ ಕೆಳಗಿನ ಕುರ್ಚಿ ಸಿಗಲಿ. ನಕ್ಕು ಕೇಳಿದವರಿಗೆ ಪಲ್ಯ ಒಂದು ಚಮಚ ಹೆಚ್ಚು ಬೀಳಲಿ. ಪಾರ್ಸೆಲ್ ಹಿಡಿದು ಹೊರಟವರಿಗೆ ಮಾತ್ರ, ಮೆಟ್ಟಿಲು ಇಳಿಯುವ ಮುನ್ನ, ಮನೆಯಲ್ಲಿರುವವರನ್ನು ಒಂದು ಸಲ ಬಾ ಎಂದು ಕರೆಯುವ ಬುದ್ಧಿ ಬರಲಿ.